ಮನೆಯ ಹೊರಮೈ ಬದಲಿಸುವ ಮುನ್ನ: ಸಂಘದ ಒಪ್ಪಿಗೆ ಪಡೆಯಲು ದಾವಣಗೆರೆಯ ಫ್ಲ್ಯಾಟ್, ಲೇಔಟ್ ಮನೆಯವರಿಗೆ ಸಮಗ್ರ ಮಾರ್ಗದರ್ಶಿ

ದಾವಣಗೆರೆಯವರು ಬಹಳ ಕಾಲ ಸ್ವಂತ ಸೈಟು, ಸ್ವಂತ ಕಾಂಪೌಂಡಿನೊಳಗೇ ಮನೆ ಕಟ್ಟಿಕೊಂಡು ಬಂದವರು. ಗೋಡೆಗೆ ಯಾವ ಬಣ್ಣ, ಕಿಟಕಿಗೆ ಎಂಥ ಗ್ರಿಲ್ ಅಂತ ಯಾರನ್ನೂ ಕೇಳುವ ಪ್ರಸಂಗ ಇರಲಿಲ್ಲ. ಈಗ ವಿದ್ಯಾನಗರ, ಶಾಮನೂರು ರಸ್ತೆ, ಎಂಸಿಸಿ ಬಿ ಬ್ಲಾಕ್ ಸುತ್ತ ಅಪಾರ್ಟ್‌ಮೆಂಟ್‌ಗಳು ಬಂದಿವೆ. ಊರಿನ ಅಂಚಿಗೆ ಗೇಟು, ವಾಚ್‌ಮನ್ ಇರುವ ಲೇಔಟ್‌ಗಳೂ ಬಂದಿವೆ. ಸೈಟಿನ ಮನೆಯ ಅಭ್ಯಾಸ ಹೊತ್ತುಕೊಂಡೇ ಅಲ್ಲಿಗೆ ಹೋದವರು ಜಾಸ್ತಿ. ‘ನನ್ನ ಮನೆ, ನನ್ನ ಬಾಲ್ಕನಿ, ಒಂದು ಶೀಟು ಹಾಕ್ಕಂಡ್ರೆ ಏನಾಗ್ತತಿ ಬಿಡ್ರಿ’ ಅನ್ನುವ ಮಾತಿನಿಂದಲೇ ಮುಕ್ಕಾಲು ಜಗಳ ಶುರುವಾಗುತ್ತದೆ.

ಅಪಾರ್ಟ್‌ಮೆಂಟ್ ಸಂಘದ ಕಮಿಟಿಯಲ್ಲಿ ಕೂತು ಇಂಥ ಅರ್ಜಿಗಳನ್ನು ನೋಡಿದವನಾಗಿ ಹೇಳುತ್ತೇನೆ. ಮೊದಲು ತಿಳಿದುಕೊಳ್ಳಬೇಕಾದ್ದು ಒಂದೇ: ನೀವು ಕೈ ಹಾಕುತ್ತಿರುವ ಗೋಡೆ ಯಾರದ್ದು? ಇದಕ್ಕೆ ಉತ್ತರ ಸಿಕ್ಕರೆ ಯಾರನ್ನು ಕೇಳಬೇಕು, ಎಷ್ಟು ಜನರ ಸಹಿ ಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ.

ಹೆಜ್ಜೆ 1: ನಿಮ್ಮ ಮನೆ ಯಾವ ಬಗೆಯದು ನೋಡಿಕೊಳ್ಳಿ

ಮೊದಲನೆಯದು ಅಪಾರ್ಟ್‌ಮೆಂಟ್ ಫ್ಲ್ಯಾಟ್. ಇಲ್ಲಿ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972 ಮುಖ್ಯ. ಆದರೆ ಕಟ್ಟಡ ಎದ್ದ ಕೂಡಲೇ ಈ ಕಾಯ್ದೆ ತಾನಾಗಿ ಅನ್ವಯಿಸುವುದಿಲ್ಲ. ಮಾಲೀಕರು ಡಿಕ್ಲರೇಶನ್ ಡೀಡ್ (ಘೋಷಣಾ ಪತ್ರ) ಬರೆದು ನೋಂದಣಿ ಮಾಡಿಸಿ, ಆಸ್ತಿಯನ್ನು ಕಾಯ್ದೆಯ ಕೆಳಗೆ ತಂದಿರಬೇಕು. ತಂದಿದ್ದರೆ ಅಡಿಪಾಯ, ಕಂಬ, ಬೀಮ್, ಮುಖ್ಯ ಗೋಡೆ, ಮೇಲ್ಛಾವಣಿ, ಕಾರಿಡಾರ್, ಮೆಟ್ಟಿಲು ಎಲ್ಲವೂ ಎಲ್ಲರಿಗೂ ಸೇರಿದ ಜಾಗ. ಡಿಕ್ಲರೇಶನ್‌ನಲ್ಲಿ ಬೇರೆ ಹೇಳಿದ್ದರೆ ಮಾತ್ರ ಬೇರೆ. ಅಂದರೆ ನಿಮ್ಮ ಹಾಲಿನ ಗೋಡೆಯ ಒಳಮುಖಕ್ಕೆ ನೀವು ಬಣ್ಣ ಹೊಡೆಸಬಹುದು, ಹೊರಮುಖ ನಿಮ್ಮೊಬ್ಬರದ್ದಲ್ಲ. ಟೆರೇಸೂ ಅಷ್ಟೇ. ಮೇಲಿನ ಮಹಡಿಯವರು ‘ನಮ್ಮ ತಲೆ ಮೇಲಿದೆ, ನಮ್ಮದೇ’ ಅನ್ನುವುದುಂಟು. ಡಿಕ್ಲರೇಶನ್‌ನಲ್ಲಿ ಅವರಿಗೆ ಮೀಸಲು ಅಂತ ಬರೆದಿರದಿದ್ದರೆ ಆ ಮಾತು ನಿಲ್ಲುವುದಿಲ್ಲ.

ಎರಡನೆಯದು ಗೇಟೆಡ್ ಲೇಔಟ್. ಮನೆ ಪೂರ್ತಿ ನಿಮ್ಮದೇ. ಆದರೆ ಕ್ರಯಪತ್ರದಲ್ಲಿ ‘ಎಲಿವೇಶನ್ ಬದಲಿಸುವಂತಿಲ್ಲ’, ‘ಕಾಂಪೌಂಡ್ ಇಂತಿಷ್ಟೇ ಎತ್ತರ’, ‘ಸಂಘದ ನಿಯಮಕ್ಕೆ ಒಳಪಟ್ಟಿರಬೇಕು’ ಎಂಬ ಷರತ್ತು ಇರಬಹುದು. ಅದಕ್ಕೆ ಸಹಿ ಹಾಕಿದವರು ನೀವೇ. ಸಂಘದ ಬಲ ಇರುವುದು ಆ ಷರತ್ತಿನಲ್ಲಿ.

ಮೂರನೆಯದು ಸಾಮಾನ್ಯ ಬಡಾವಣೆಯ ಮನೆ. ದೂಡಾ, ಅಂದರೆ ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ ಸೈಟು ಇರಬಹುದು, ಖಾಸಗಿ ಲೇಔಟ್ ಇರಬಹುದು. ಇಲ್ಲಿನ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ ಸಾಮಾನ್ಯವಾಗಿ 1960ರ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ರಿಜಿಸ್ಟರ್ ಆಗಿರುತ್ತದೆ. ಪಾರ್ಕು, ಬೀದಿ ದೀಪ, ಗಣಪತಿ ಕೂರಿಸುವುದು ಇವೆಲ್ಲ ಅದರ ಕೆಲಸ. ನಿಮ್ಮ ಮನೆಗೆ ಹಸಿರು ಹೊಡೆಸಬೇಕೋ ಹಳದಿಯೋ ಅಂತ ಹೇಳುವ ಅಧಿಕಾರ ಅದಕ್ಕಿಲ್ಲ. ಅಲ್ಲಿ ನಿಮ್ಮನ್ನು ಕೇಳುವವರು ಮಹಾನಗರ ಪಾಲಿಕೆ, ದೂಡಾ, ಬೆಸ್ಕಾಂ. ಈ ಬಗೆಯ ಮನೆಯವರು ನೇರ 6ನೇ ಹೆಜ್ಜೆಗೆ ಹೋಗಬಹುದು.

ಹೆಜ್ಜೆ 2: ಕಾಗದ ಕೈಗೆ ತೆಗೆದುಕೊಳ್ಳಿ

ಕ್ರಯಪತ್ರ, ಡಿಕ್ಲರೇಶನ್ ಡೀಡ್, ಸಂಘದ ಬೈಲಾ (ನಿಯಮಾವಳಿ), ಪಾಲಿಕೆ ಅನುಮೋದಿಸಿದ ನಕ್ಷೆ. ಈ ನಾಲ್ಕು ಸಾಕು. ಬೈಲಾ ಪ್ರತಿ ಕೊಡಿ ಅಂತ ಕಾರ್ಯದರ್ಶಿಯನ್ನು ಕೇಳಿ. ಡಿಕ್ಲರೇಶನ್ ನೋಂದಣಿಯಾಗಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ. ಎಂಟು ಹತ್ತು ಮನೆಯ ಚಿಕ್ಕ ಅಪಾರ್ಟ್‌ಮೆಂಟ್‌ಗಳಲ್ಲಿ ಡಿಕ್ಲರೇಶನ್ನೂ ಇಲ್ಲ, ಬೈಲಾನೂ ಇಲ್ಲ ಅನ್ನುವ ಪರಿಸ್ಥಿತಿಯೂ ಇದೆ. ಆಗಲೂ ಕ್ರಯಪತ್ರದಲ್ಲಿ ಅವಿಭಜಿತ ಪಾಲು, ಸಾಮಾನ್ಯ ಜಾಗ ಅಂತ ಬರೆದೇ ಇರುತ್ತದೆ. ಅದನ್ನೇ ಆಧಾರ ಮಾಡಿಕೊಳ್ಳಿ. ಎಲ್ಲ ಮಾಲೀಕರ ಸಹಿ ಒಂದು ಹಾಳೆಯಲ್ಲಿ ತೆಗೆದುಕೊಳ್ಳಿ.

ಹೊಸ ಫ್ಲ್ಯಾಟ್ ಆದರೆ ಇನ್ನೊಂದು ವಿಷಯ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ನೀವು ಹೊರಗೋಡೆ ಕೊರೆದು, ಬಾಲ್ಕನಿ ಒಡೆದು ಬದಲಾಯಿಸಿದ್ದರೆ ‘ಸೋರಿಕೆ ನಿಮ್ಮ ಕೆಲಸದಿಂದಲೇ ಬಂದದ್ದು’ ಅಂತ ಅವರು ಕೈ ತೊಳೆದುಕೊಳ್ಳಲು ದಾರಿ ಮಾಡಿಕೊಟ್ಟ ಹಾಗೆ. ಆ ಐದು ವರ್ಷ ಹೊರಗೋಡೆಯ ತಂಟೆಗೆ ಹೋಗದಿರುವುದೇ ಜಾಣತನ.

ಹೆಜ್ಜೆ 3: ನಿಮ್ಮ ಕೆಲಸ ಯಾವ ಪಟ್ಟಿಗೆ ಸೇರುತ್ತದೆ?

ಬಾಗಿಲಿಗೆ ತೋರಣ, ದೀಪಾವಳಿಗೆ ಆಕಾಶಬುಟ್ಟಿ, ಹೊಸ್ತಿಲ ಮುಂದೆ ರಂಗೋಲಿ, ಬಾಲ್ಕನಿಯೊಳಗೆ ನಾಲ್ಕು ತುಳಸಿ ಕುಂಡ. ಇದಕ್ಕೆಲ್ಲ ಯಾರ ಒಪ್ಪಿಗೆಯೂ ಬೇಡ. ದೃಷ್ಟಿಗೆ ಕಟ್ಟುವ ಬೂದುಗುಂಬಳಕಾಯಿಯನ್ನು ಬೇಡ ಅಂದ ಕಮಿಟಿಯನ್ನು ನಾನಂತೂ ಕಂಡಿಲ್ಲ.

ಕಮಿಟಿಯ ಒಪ್ಪಿಗೆ ಬೇಕಾದ ಕೆಲಸಗಳು ಇವು: ಕಿಟಕಿ ಮತ್ತು ಬಾಲ್ಕನಿ ಗ್ರಿಲ್, ಪಾರಿವಾಳದ ನೆಟ್, ಎಸಿಯ ಹೊರ ಯೂನಿಟ್, ಡಿಶ್, ಇನ್ವರ್ಟರ್‌ಗಾಗಿ ಹೊರಗೆ ಎಳೆಯುವ ವೈರು, ಮುಖ್ಯ ಬಾಗಿಲಿನ ಮುಂದೆ ಇನ್ನೊಂದು ಸೇಫ್ಟಿ ಡೋರ್, ಬಿಸಿಲಿಗೆ ಹಾಕುವ ಶೀಟು ಅಥವಾ ಬಿದಿರಿನ ತೆರೆ, ನಾಮಫಲಕಕ್ಕಿಂತ ದೊಡ್ಡ ಬೋರ್ಡು. ಅಪಾರ್ಟ್‌ಮೆಂಟ್ ಕಾಯ್ದೆಯ ಜತೆಗೆ ಬರುವ ಮಾದರಿ ಬೈಲಾದಲ್ಲೇ ಈ ಮಾತುಗಳಿವೆ. ಆಂಟೆನಾ, ಎಸಿ, ವೈರಿಂಗ್ ಯಾವುದನ್ನೂ ಸಂಘದ ಅನುಮತಿಯಿಲ್ಲದೆ ಕಟ್ಟಡದ ಹೊರಗೆ ಕೂರಿಸಬಾರದು, ಗೋಡೆ ತೂರಿ ಹೊರಗೆ ಬರುವಂತೆ ಮಾಡಬಾರದು. ಕಿಟಕಿ, ಬಾಲ್ಕನಿಯಿಂದ ಹೊರಗೆ ಬಟ್ಟೆ ನೇತುಹಾಕುವುದೂ ಬೇಡ ಅನ್ನುತ್ತದೆ ಅದು. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಗಳಿಗೆಯಲ್ಲಿ ಬಟ್ಟೆ ಒಣಗುವಾಗ ಯಾರು ಕೇಳುತ್ತಾರೆ, ಅಲ್ವಾ? ಕಟಾಂಜನದ ಎತ್ತರಕ್ಕಿಂತ ಕೆಳಗೆ, ಒಳಗಡೆ ಹಗ್ಗ ಕಟ್ಟಿಕೊಳ್ಳಲು ಬಿಟ್ಟರೆ ಯಾರಿಗೂ ತೊಂದರೆಯಿಲ್ಲ.

ಎಲ್ಲ ಮಾಲೀಕರ ಒಪ್ಪಿಗೆ ಬೇಕಾದವು ಬೇರೆ. ಅಪಾರ್ಟ್‌ಮೆಂಟ್ ಕಾಯ್ದೆಯ 8ನೇ ಸೆಕ್ಷನ್ ಇಲ್ಲಿ ಬಿಗಿಯಾಗಿದೆ. ಕಟ್ಟಡದ ಭದ್ರತೆಗೆ ಧಕ್ಕೆ ತರುವ, ಅದರ ಬೆಲೆ ಇಳಿಸುವ, ಇನ್ನೊಬ್ಬರ ದಾರಿ, ಗಾಳಿ, ಬೆಳಕಿನಂಥ ಹಕ್ಕಿಗೆ ಅಡ್ಡಬರುವ ಕೆಲಸ ಮಾಡುವಂತಿಲ್ಲ. ಹೊಸದಾಗಿ ಏನಾದರೂ ದೊಡ್ಡದನ್ನು ಕಟ್ಟಬೇಕಾದರೆ ಉಳಿದ ಮಾಲೀಕರೆಲ್ಲರೂ ಮೊದಲೇ ಒಪ್ಪಿರಬೇಕು. ಬಹುಮತ ಸಾಲದು. ಟೆರೇಸಿನ ಮೇಲೆ ಒಂದು ರೂಮು, ಪಾರ್ಕಿಂಗ್‌ನಲ್ಲಿ ಶೆಡ್ ಅಂದರೆ ಈ ಸೆಕ್ಷನ್ ನೆನಪಿರಲಿ. ಸಭೆಯಲ್ಲಿ 15 ಜನ ಕೈ ಎತ್ತಿದರು, 16ನೆಯವರು ಬೆಂಗಳೂರಿನಲ್ಲಿದ್ದಾರೆ ಅಂದರೆ ಆಗುವುದಿಲ್ಲ. ಅವರಿಗೂ ಪತ್ರ ಹೋಗಿ, ಅವರ ಸಹಿಯೂ ಬರಬೇಕು. ಬಾಡಿಗೆದಾರರ ಸಹಿ ಇಲ್ಲಿ ಲೆಕ್ಕಕ್ಕಿಲ್ಲ.

ಅತಿ ಹೆಚ್ಚು ಅರ್ಜಿ ಬರುವುದು ಬಾಲ್ಕನಿಯ ಬಗ್ಗೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹೆಚ್ಚಿನ ಬಾಲ್ಕನಿಗಳಿಗೆ ಕೆಳಗೆ ಕಂಬ ಇರುವುದಿಲ್ಲ. ಒಂದು ಬದಿಯಲ್ಲಿ ಮಾತ್ರ ಹಿಡಿದುಕೊಂಡು ಚಾಚಿರುತ್ತವೆ. ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗದ ಪ್ರಕಾರ ವಾಸದ ಮನೆಯ ರೂಮಿಗೆ ಚದರ ಮೀಟರಿಗೆ ಸುಮಾರು 200 ಕೆಜಿ, ಬಾಲ್ಕನಿಗೆ ಸುಮಾರು 300 ಕೆಜಿ ಭಾರ ಹಿಡಿದು ಲೆಕ್ಕ ಹಾಕುತ್ತಾರೆ. ನಮ್ಮ ಲೆಕ್ಕದಲ್ಲಿ ಹೇಳಿದರೆ ಬಾಲ್ಕನಿಗೆ ಚದರ ಅಡಿಗೆ 28 ಕೆಜಿ. ಈಗ ಯಾರೋ ಬಾಲ್ಕನಿಯ ಅಂಚಿಗೆ ಇಟ್ಟಿಗೆ ಕಟ್ಟೆ ಕಟ್ಟಿ, ಒಂದು ಅಡಿ ಮಣ್ಣು ತುಂಬಿ ತೋಟ ಮಾಡುತ್ತೇನೆ ಅಂತಾರೆ ಅನ್ನಿ. ಒದ್ದೆ ಮಣ್ಣು ಒಂದು ಘನ ಅಡಿಗೆ 50 ಕೆಜಿ ಹತ್ತಿರ ತೂಗುತ್ತದೆ. ಇಟ್ಟಿಗೆಯ ತೂಕ, ನಿಂತುಕೊಳ್ಳುವ ಜನರ ತೂಕ ಸೇರಿಸುವ ಮೊದಲೇ ಲೆಕ್ಕ ಮೀರಿತು. ಭಾರ ಅಂಚಿಗೆ ಹೋದಷ್ಟೂ ಬುಡದ ಮೇಲೆ ಒತ್ತಡ ಜಾಸ್ತಿ. ನೀರಿನ ತೊಟ್ಟಿಯೂ ಹಾಗೇ. 1,000 ಲೀಟರ್ ಅಂದರೆ ಒಂದು ಟನ್. ಟೆರೇಸಿನಲ್ಲಿ ಸುಮ್ನೆ ಎಲ್ಲೆಂದರಲ್ಲಿ ಇಡುವ ವಸ್ತುವಲ್ಲ. ಕುಂಡಗಳು ಬೇರೆ ಮಾತು. ಹಗುರ ಕೋಕೋಪೀಟ್ ಹಾಕಿ, ಗೋಡೆಯ ಬದಿಗೆ ಇಟ್ಟರೆ ಸಮಸ್ಯೆಯಿಲ್ಲ.

ಬಾಲ್ಕನಿಗೆ ಯುಪಿವಿಸಿ ಸ್ಲೈಡಿಂಗ್ ಕಿಟಕಿ ಹಾಕಿ ರೂಮು ಮಾಡಿಕೊಳ್ಳುವುದು ಇನ್ನೊಂದು ಬಗೆ. ಕಮಿಟಿ ಒಪ್ಪಿದರೆ ಮುಗೀತು ಅಂದುಕೊಳ್ಳಬೇಡಿ. ತೆರೆದ ಬಾಲ್ಕನಿ ಮುಚ್ಚಿದ ರೂಮಾದರೆ ಕಟ್ಟಡ ಅನುಮೋದಿತ ನಕ್ಷೆಗಿಂತ ಬೇರೆಯಾಗುತ್ತದೆ. ಸಂಘಕ್ಕೆ ನಕ್ಷೆ ಉಲ್ಲಂಘಿಸಲು ಅನುಮತಿ ಕೊಡುವ ಅಧಿಕಾರವೇ ಇಲ್ಲ.

ಗ್ರಿಲ್ ವಿಷಯದಲ್ಲಿ ನನ್ನದೊಂದು ಹಟ ಇದೆ. ಮಕ್ಕಳಿರುವ ಮನೆಗೆ ಗ್ರಿಲ್ ಬೇಡ ಅನ್ನುವುದು ಅನ್ಯಾಯ. ಆದರೆ ಪೂರ್ತಿ ವೆಲ್ಡ್ ಮಾಡಿ ಮುಚ್ಚಿದ ಗ್ರಿಲ್‌ಗೂ ಒಪ್ಪಬಾರದು. ಬೆಂಕಿ ಬಿದ್ದು ಮುಖ್ಯ ಬಾಗಿಲ ಕಡೆ ಹೊಗೆ ತುಂಬಿದರೆ ಜನ ಓಡುವುದು ಬಾಲ್ಕನಿಗೇ. ಒಳಗಿನಿಂದ ತೆಗೆಯಬಹುದಾದ, ಒಬ್ಬ ಆಳು ನುಸುಳುವಷ್ಟು ದೊಡ್ಡ ಬಾಗಿಲು ಗ್ರಿಲ್‌ನಲ್ಲಿ ಇರಲೇಬೇಕು. ಗ್ರಿಲ್ ಕಟಾಂಜನಕ್ಕಿಂತ ಹೊರಗೆ ಬೋನಿನ ಹಾಗೆ ಉಬ್ಬಿರಲೂಬಾರದು. ಅದರ ಮೇಲೆ ಮೊದಲು ಚಪ್ಪಲಿ ಬರುತ್ತದೆ, ಆಮೇಲೆ ಹಳೇ ಬಕೆಟ್ಟು, ಆಮೇಲೆ ಸಿಲಿಂಡರ್.

ಎಸಿಯ ಹೊರ ಯೂನಿಟ್ 30 ಕೆಜಿ ಆಸುಪಾಸು ಇರುತ್ತದೆ. ತುಕ್ಕು ಹಿಡಿಯದ ಸ್ಟ್ಯಾಂಡ್, ಸರಿಯಾದ ಆಂಕರ್ ಬೋಲ್ಟ್ ಬೇಕು. ಪೈಪಿಗೆ ಎರಡೂವರೆ, ಮೂರು ಇಂಚಿನ ತೂತು ಕೊರೆಯುತ್ತಾರೆ. ಅದು ಇಟ್ಟಿಗೆ ಅಥವಾ ಬ್ಲಾಕ್ ಗೋಡೆಯಲ್ಲಿರಲಿ, ಬೀಮಿನಲ್ಲಿ, ಕಂಬದಲ್ಲಿ ಮಾತ್ರ ಬೇಡವೇ ಬೇಡ. ಎಸಿ ಕೂರಿಸುವ ಹುಡುಗನಿಗೆ ಬೀಮ್ ಎಲ್ಲಿದೆ ಅಂತ ಗೊತ್ತಿರುವುದಿಲ್ಲ, ನೀವೇ ತೋರಿಸಬೇಕು. ನೀರು ಬೀಳುವ ಪೈಪನ್ನು ಕೆಳಗಿನವರ ಬಾಲ್ಕನಿಗೆ ಬಿಡದೆ ಡ್ರೈನಿಗೆ ಸೇರಿಸಿ. ಹೊರ ಯೂನಿಟ್‌ನ ಬಿಸಿಗಾಳಿ ಪಕ್ಕದ ಮನೆಯ ಮಲಗುವ ಕೋಣೆಯ ಕಿಟಕಿಗೆ ನೇರ ಹೊಡೆಯುತ್ತಿದ್ದರೆ ಅವರು ಆಕ್ಷೇಪಿಸುವುದು ಸಹಜ.

ಸೋಲಾರ್ ಬಗ್ಗೆ ಈಗ ಕೇಳುವವರು ಜಾಸ್ತಿ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಗೆ 1 ಕಿಲೋವ್ಯಾಟ್‌ಗೆ ₹30,000, 2 ಕಿಲೋವ್ಯಾಟ್‌ಗೆ ₹60,000, 3 ಅಥವಾ ಅದಕ್ಕೂ ಹೆಚ್ಚಿಗೆ ₹78,000 ಸಬ್ಸಿಡಿ ಇಟ್ಟಿದ್ದಾರೆ. ಆದರೆ ಒಂದು ಕಿಲೋವ್ಯಾಟ್‌ಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ ಬೇಕು. ಒಬ್ಬರು 300 ಚದರ ಅಡಿ ಹಿಡಿದರೆ ಉಳಿದವರು ಎಲ್ಲಿಗೆ ಹೋಗಬೇಕು? ಫ್ಲ್ಯಾಟ್‌ಗಳಿಗೆ ನನ್ನ ಸಲಹೆ ಬೇರೆ. ಇದೇ ಯೋಜನೆಯಲ್ಲಿ ಸಂಘಗಳಿಗೆ ಲಿಫ್ಟು, ಪಂಪು, ಕಾರಿಡಾರ್ ದೀಪದಂಥ ಸಾಮಾನ್ಯ ಬಳಕೆಗೆ ಕಿಲೋವ್ಯಾಟ್‌ಗೆ ₹18,000 ಸಿಗುತ್ತದೆ. ಸಂಘದ ಹೆಸರಿನಲ್ಲೇ ಹಾಕಿಸಿ ಎಲ್ಲರ ಮೇಂಟೆನೆನ್ಸ್ ಇಳಿಸಿಕೊಳ್ಳಿ.

ಹೆಜ್ಜೆ 4: ಅರ್ಜಿಗೆ ಮುಂಚೆ ಅಕ್ಕಪಕ್ಕದವರ ಹತ್ತಿರ ಮಾತಾಡಿ

ಮೇಲಿನವರು, ಕೆಳಗಿನವರು, ಎರಡೂ ಪಕ್ಕದವರು. ಇವರಿಗೆ ಮೊದಲೇ ಹೇಳಿ. ಸಂಜೆ ಹೋಗಿ ‘ಅಣ್ಣಾ, ಈ ಕಡೆ ಎಸಿ ಕೂರಿಸಬೇಕು ಅಂತಿದ್ದೀವಿ, ನಿಮಗೇನಾದ್ರೂ ತೊಂದರೆ ಆಗುತ್ತಾ?’ ಅಂತ ಕೇಳಿದರೆ ಸಾಕು. ಆಕ್ಷೇಪ ಇದ್ದರೆ ಅಲ್ಲೇ ತಿಳಿಯುತ್ತದೆ. ಯೂನಿಟ್ ಎರಡು ಅಡಿ ಸರಿಸಿದರೆ ಮುಗಿಯುವ ವಿಷಯ ಕಮಿಟಿಗೆ ಬಂದ ಮೇಲೆ ಮಾನದ ಪ್ರಶ್ನೆಯಾಗುತ್ತದೆ. ಒಪ್ಪಿದರೆ ಒಂದು ಹಾಳೆಯಲ್ಲಿ ಸಹಿ ಹಾಕಿಸಿಕೊಳ್ಳಿ. ನಾಳೆ ಆ ಮನೆ ಮಾರಿದರೆ ಬಾಯಿಮಾತಿನ ಒಪ್ಪಿಗೆ ಅವರ ಜತೆಗೇ ಹೋಗುತ್ತದೆ.

ಹೆಜ್ಜೆ 5: ಅರ್ಜಿ ಬರೆಯಿರಿ, ಸ್ವೀಕೃತಿ ಪಡೆಯಿರಿ

ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ ಮೆಸೇಜು ಅರ್ಜಿಯಲ್ಲ. ಅದಕ್ಕೆ ಬಂದ ಹೆಬ್ಬೆರಳಿನ ಚಿತ್ರ ಒಪ್ಪಿಗೆಯೂ ಅಲ್ಲ. ಹಾಳೆಯ ಮೇಲೆ ಬರೆಯಿರಿ. ಹೀಗಿರಲಿ:

‘ಕಾರ್ಯದರ್ಶಿಗಳಿಗೆ, … ಅಪಾರ್ಟ್‌ಮೆಂಟ್ ಮಾಲೀಕರ ಸಂಘ, ದಾವಣಗೆರೆ.

ವಿಷಯ: ಫ್ಲ್ಯಾಟ್ ನಂ. …ರ ಬಾಲ್ಕನಿಗೆ ಗ್ರಿಲ್ ಹಾಕಿಸಲು ಅನುಮತಿ ಕೋರಿ.

ಮಾನ್ಯರೇ, ನಾನು ಈ ಫ್ಲ್ಯಾಟಿನ ಮಾಲೀಕ. ಪೂರ್ವ ದಿಕ್ಕಿನ ಬಾಲ್ಕನಿಗೆ, ಕಟಾಂಜನದ ಒಳಬದಿಯಲ್ಲಿ, … ಅಡಿ ಉದ್ದ … ಅಡಿ ಎತ್ತರದ ಗ್ರಿಲ್ ಹಾಕಿಸಬೇಕೆಂದಿದ್ದೇನೆ. ಒಳಗಿನಿಂದ ತೆರೆಯುವ ಬಾಗಿಲು ಅದರಲ್ಲಿರುತ್ತದೆ. ಬೀಮ್, ಕಂಬಗಳಿಗೆ ತೂತು ಹಾಕುವುದಿಲ್ಲ. ಕೆಲಸ ದಿನಾಂಕ …ರಿಂದ …ರವರೆಗೆ ನಡೆಯುತ್ತದೆ. ಹೊರಗೋಡೆಗೆ ಅಥವಾ ಬೇರೆಯವರ ಮನೆಗೆ ಹಾನಿಯಾದರೆ ನನ್ನ ಖರ್ಚಿನಲ್ಲಿ ಸರಿಪಡಿಸುತ್ತೇನೆ. ಮುಂದೆ ಕಟ್ಟಡಕ್ಕೆ ಬಣ್ಣ ಅಥವಾ ರಿಪೇರಿ ಬಂದಾಗ ಸಂಘ ಕೇಳಿದರೆ ತಾತ್ಕಾಲಿಕವಾಗಿ ಬಿಚ್ಚಿಸಿಕೊಡುತ್ತೇನೆ. ಅಳತೆಯ ಚಿತ್ರ, ಈಗಿನ ಫೋಟೊ, ನೆರೆಯವರ ಒಪ್ಪಿಗೆ ಪತ್ರ ಲಗತ್ತಿಸಿದ್ದೇನೆ.’

ಬಣ್ಣದ ಕೆಲಸವಾದರೆ ‘ಕ್ರೀಮ್ ಕಲರ್’ ಅಂತ ಬರೆದು ಬಿಡಬೇಡಿ. ಪೇಂಟ್ ಕಂಪನಿಯ ಶೇಡ್ ಕೋಡ್ ಬರೆಯಿರಿ. ಒಂದೇ ಹೆಸರಿನ ಕ್ರೀಮ್ ಎರಡು ಅಂಗಡಿಯಲ್ಲಿ ಎರಡು ಥರ ಬರುತ್ತದೆ. ಭಾರ ಬೀಳುವ ಯಾವುದೇ ಕೆಲಸಕ್ಕೆ ಸ್ಟ್ರಕ್ಚರಲ್ ಇಂಜಿನಿಯರ್ ಸಹಿ ಮಾಡಿದ ಪತ್ರ ಸೇರಿಸಿ. ಮೇಸ್ತ್ರಿ ಎಷ್ಟೇ ಹಳಬರಾದರೂ ‘ಏನೂ ಆಗಲ್ಲ ಸಾರ್’ ಅನ್ನುವುದು ಸಾಲದು.

ಎರಡು ಪ್ರತಿ ಮಾಡಿ. ಒಂದರ ಮೇಲೆ ದಿನಾಂಕ ಹಾಕಿಸಿ ಕಾರ್ಯದರ್ಶಿಯ ಸಹಿ ಪಡೆಯಿರಿ. ಈ ದಿನಾಂಕಕ್ಕೆ ಬೆಲೆ ಇದೆ. ಮನೆಯ ರಚನೆಯಲ್ಲಿ ಬದಲಾವಣೆಗೆ ಅರ್ಜಿ ಬಂದರೆ ಸಂಘ 30 ದಿನದೊಳಗೆ ಉತ್ತರಿಸಬೇಕು, ಉತ್ತರಿಸದಿದ್ದರೆ ಆಕ್ಷೇಪಣೆ ಇಲ್ಲ ಅಂತ ಅರ್ಥ ಎನ್ನುವ ಮಾತು ಮಾದರಿ ಬೈಲಾದಲ್ಲಿದೆ. ನಿಮ್ಮ ಸಂಘ ಅದನ್ನು ಹಾಗೇ ಅಳವಡಿಸಿಕೊಂಡಿದೆಯಾ, ತಿದ್ದಿದೆಯಾ ನೋಡಿಕೊಳ್ಳಿ. ಒಂದು ಎಚ್ಚರಿಕೆ: 30 ದಿನ ಸುಮ್ಮನಿದ್ದರು ಅಂತ 8ನೇ ಸೆಕ್ಷನ್ನಿನ ಕೆಲಸಕ್ಕೆ ಕೈ ಹಾಕುವಂತಿಲ್ಲ. ಬೈಲಾ ಕಾಯ್ದೆಗಿಂತ ದೊಡ್ಡದಲ್ಲ.

ಹೆಜ್ಜೆ 6: ಪಾಲಿಕೆ, ಬೆಸ್ಕಾಂ

ಸುಣ್ಣಬಣ್ಣ, ಗಿಲಾವು, ನೆಲ ಹಾಕಿಸುವುದಕ್ಕೆ ಸಾಮಾನ್ಯವಾಗಿ ಪಾಲಿಕೆಯ ಪರವಾನಗಿ ಬೇಕಿಲ್ಲ. ರೂಮು ಸೇರಿಸುವುದು, ಮಹಡಿ ಏರಿಸುವುದು, ನಿಯಮದಂತೆ ಮನೆ ಸುತ್ತ ಖಾಲಿ ಬಿಟ್ಟ ಜಾಗ ಮುಚ್ಚುವುದು ಆ ಪಟ್ಟಿಯಲ್ಲಿ ಬರುವುದಿಲ್ಲ. ದಾವಣಗೆರೆ ಮಹಾನಗರ ಪಾಲಿಕೆಗೆ ಅನ್ವಯಿಸುವುದು 1976ರ ಪೌರನಿಗಮಗಳ ಕಾಯ್ದೆ. ಅದರ 299ನೇ ಸೆಕ್ಷನ್ ಕಟ್ಟಡಕ್ಕೆ ಅರ್ಜಿ ಹಾಕುವುದರ ಬಗ್ಗೆ. 321ನೇ ಸೆಕ್ಷನ್ ಅನುಮತಿಯಿಲ್ಲದ್ದನ್ನು ಕೆಡವುವುದರ ಬಗ್ಗೆ. ಚಿತ್ರದುರ್ಗದ ಓದುಗರಿಗೆ ಅಲ್ಲಿನ ನಗರಸಭೆ, 1964ರ ಪುರಸಭೆಗಳ ಕಾಯ್ದೆ. ಎರಡೂ ಕಡೆ ಪರವಾನಗಿ ಇರುವ ಇಂಜಿನಿಯರ್ ಮೂಲಕ ನಕ್ಷೆ ಹೋಗುತ್ತದೆ. ಖಾತೆ, ಕಂದಾಯದ ರಸೀದಿ, ಹಳೆಯ ಅನುಮೋದಿತ ನಕ್ಷೆ ರೆಡಿ ಇಟ್ಟುಕೊಳ್ಳಿ.

ಬಡಾವಣೆ ಮನೆಗಳಲ್ಲಿ ಮೂರು ಜಾಗ ಗಮನಿಸಿ. ಮನೆ ಮುಂದೆ ಚರಂಡಿಯ ಮೇಲೆ ರಸ್ತೆಗೆ ಚಾಚುವ ರ‍್ಯಾಂಪ್, ಹೊರಗೆ ತೆರೆದುಕೊಳ್ಳುವ ಗೇಟು, ಪಕ್ಕದ ಬಿಟ್ಟ ಜಾಗಕ್ಕೆ ಹಾಕುವ ತಗಡಿನ ಶೀಟು. ಚರಂಡಿ, ರಸ್ತೆ ಪಾಲಿಕೆಯದ್ದು. ಬಿಟ್ಟ ಜಾಗ ನಿಮ್ಮದೇ ಆದರೂ ಮುಚ್ಚುವ ಹಕ್ಕು ನಿಮಗಿಲ್ಲ. ಶೀಟಿನ ಮಳೆನೀರು ಪಕ್ಕದವರ ಗೋಡೆಗೆ ಬಿದ್ದರೆ ಮೊದಲ ಮಳೆಗೇ ದೂರು.

ಮಹಡಿ ಮೇಲೆ ಏನೇ ಏರಿಸುವುದಿದ್ದರೂ ತಂತಿ ನೋಡಿ. ಮನೆಗಳಿಗೆ ಬರುವ ಸಾಮಾನ್ಯ ಲೈನಿಗೂ, 11 ಕೆವಿ ಲೈನಿಗೂ ಕಟ್ಟಡದಿಂದ ಅಡ್ಡಲಾಗಿ ಕನಿಷ್ಠ 1.2 ಮೀಟರ್ ಅಂತರ ಇರಬೇಕು. ತಂತಿ ಕಟ್ಟಡದ ಮೇಲೆ ಹಾದುಹೋಗುತ್ತಿದ್ದರೆ ಮೊದಲನೆಯದಕ್ಕೆ 2.5 ಮೀಟರ್, ಎರಡನೆಯದಕ್ಕೆ 3.7 ಮೀಟರ್. ಬಾಲ್ಕನಿಯನ್ನು ಎರಡು ಅಡಿ ಮುಂದೆ ತಂದವರು ಈ ಅಂತರವನ್ನೇ ತಿಂದುಹಾಕುತ್ತಾರೆ. ಕಬ್ಬಿಣದ ಗ್ರಿಲ್ ಎತ್ತುವಾಗ ಜೀವ ಹೋಗುವುದು ಇಂಥ ಕಡೆಗಳಲ್ಲೇ.

‘ಕಟ್ಟಿಬಿಡೋಣ, ಮುಂದೆ ಅಕ್ರಮ–ಸಕ್ರಮದಲ್ಲಿ ದಂಡ ಕಟ್ಟಿದರಾಯ್ತು’ ಅನ್ನುವವರು ಇನ್ನೂ ಇದ್ದಾರೆ. ನಗರಗಳ ಆ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಕಟ್ಟಿ ಎಷ್ಟೋ ವರ್ಷವಾಯಿತು, ದುಡ್ಡು ಸುರಿದಿದ್ದೇವೆ ಎಂಬ ಕಾರಣಕ್ಕೆ ಅನಧಿಕೃತ ಕಟ್ಟಡ ಸರಿಯಾಗಿಬಿಡುವುದಿಲ್ಲ ಅಂತ 2024ರ ಡಿಸೆಂಬರ್‌ನಲ್ಲಿ ಅದೇ ಕೋರ್ಟ್ ಮತ್ತೆ ಹೇಳಿದೆ.

ಹೆಜ್ಜೆ 7: ಕೆಲಸ ನಡೆಯುವಾಗ

ಕಮಿಟಿಯ ಪತ್ರದಲ್ಲಿ ಏನಿದೆಯೋ ಅದನ್ನೇ ಮಾಡಿಸಿ. ಪತ್ರದ ನಕಲನ್ನು ಫ್ಯಾಬ್ರಿಕೇಶನ್‌ನವರ ಕೈಗೂ ಕೊಡಿ. ಅಳತೆ ತೆಗೆದುಕೊಂಡು ಹೋದವನೊಬ್ಬ, ಹಾಕಲು ಬರುವವನೊಬ್ಬ. ಮಧ್ಯದಲ್ಲಿ ಗ್ರಿಲ್ ಆರಿಂಚು ಹೊರಗೆ ಬಂದಿರುತ್ತದೆ. ವೆಲ್ಡಿಂಗ್ ಕಿಡಿ ಕೆಳಗೆ ನಿಲ್ಲಿಸಿದ ಬೈಕಿನ ಮೇಲೆ ಬೀಳದಂತೆ ಜಾಗ ಖಾಲಿ ಮಾಡಿಸಿ. ಹೊಸ ಗಿಲಾವಿಗೆ ಬಣ್ಣ ಹೊಡೆಸುವುದಿದ್ದರೆ ಸುಮಾರು 28 ದಿನ ಬಿಡಿ. ಹಬ್ಬದ ಅವಸರಕ್ಕೆ ಬೇಗ ಹೊಡೆಸಿದರೆ ಚಕ್ಕೆ ಏಳುತ್ತದೆ. ಮುಗಿದ ಮೇಲೆ ಫೋಟೊ ತೆಗೆದು ಕಾರ್ಯದರ್ಶಿಗೆ ಕೊಡಿ. ಡೆಪಾಸಿಟ್ ಕಟ್ಟಿದ್ದರೆ ವಾಪಸ್ ಕೇಳಲು ಅದೇ ಆಧಾರ.

ಕಮಿಟಿ ಬೇಡ ಅಂದರೆ?

ಕಾರಣ ಬರಹದಲ್ಲಿ ಕೇಳಿ. ‘ಚೆನ್ನಾಗಿ ಕಾಣಲ್ಲ’ ಅನ್ನುವುದೊಂದೇ ಉತ್ತರವಾದರೆ ಬೈಲಾದ ಯಾವ ನಿಯಮದ ಕೆಳಗೆ ಅಂತ ಕೇಳಿ. ಇದೇ ಕೆಲಸಕ್ಕೆ ಬೇರೆಯವರಿಗೆ ಒಪ್ಪಿಗೆ ಕೊಟ್ಟಿದ್ದರೆ ಅದರ ಫೋಟೊ ಇಟ್ಟು ಮತ್ತೆ ಅರ್ಜಿ ಹಾಕಿ. ಆಮೇಲೆ ಸರ್ವಸದಸ್ಯರ ಸಭೆಯಲ್ಲಿ ವಿಷಯ ಇಡಿಸಿ. ಅಲ್ಲೂ ಆಗದಿದ್ದರೆ ಸಿವಿಲ್ ಕೋರ್ಟ್. ಒಂದು ಗ್ರಿಲ್‌ಗೆ ಕೋರ್ಟಿಗೆ ಹೋಗುವುದು ನನಗೆ ಲಾಭದ ವ್ಯವಹಾರವಾಗಿ ಕಂಡಿಲ್ಲ. ಸಾಮಾನ್ಯವಾಗಿ ಡಿಸೈನ್ ಸ್ವಲ್ಪ ಬದಲಿಸಿದರೆ ಕಮಿಟಿಯೂ ಮೆತ್ತಗಾಗುತ್ತದೆ.

ಕೇಳದೆ ಮಾಡಿಬಿಟ್ಟವರ ಕಥೆ ಬೇರೆ. ಅಪಾರ್ಟ್‌ಮೆಂಟ್ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ನಿಯಮ ಮೀರಿದವರ ವಿರುದ್ಧ ಸಂಘವೂ, ತೊಂದರೆಗೊಳಗಾದ ಮಾಲೀಕರೂ ನಷ್ಟ ಪರಿಹಾರಕ್ಕೆ, ತಡೆಯಾಜ್ಞೆಗೆ ಕೋರ್ಟಿಗೆ ಹೋಗಬಹುದು. ಆದರೆ ಆ ಸೆಕ್ಷನ್‌ನಲ್ಲಿ ನೀರು ನಿಲ್ಲಿಸಿ, ಲಿಫ್ಟ್ ಬಂದ್ ಮಾಡಿ ಅಂತ ಎಲ್ಲೂ ಬರೆದಿಲ್ಲ. ಕೆಲವು ಕಮಿಟಿಯವರು ಸಿಟ್ಟಿಗೆ ಮೊದಲು ಮಾಡುವುದೇ ಅದನ್ನು. ಹಾಗೆ ಮಾಡಿದರೆ ನಾಳೆ ಉತ್ತರ ಕೊಡಬೇಕಾದವರು ಅವರೇ. ದಂಡ ಹಾಕುವುದಿದ್ದರೂ ಬೈಲಾದಲ್ಲಿ ಮೊದಲೇ ಬರೆದಿರಬೇಕು.

ಕಮಿಟಿಯಲ್ಲಿರುವವರಿಗೆ ಎರಡು ಮಾತು

ಪ್ರತಿ ಅರ್ಜಿಯನ್ನೂ ಹೊಸದಾಗಿ ಚರ್ಚೆ ಮಾಡಬೇಡಿ. ಒಂದು ಸಲ ಕೂತು ಗ್ರಿಲ್‌ಗೆ ಎರಡು ಡಿಸೈನ್, ಎಸಿಗೆ ಪ್ರತಿ ಫ್ಲ್ಯಾಟಿನ ಜಾಗ, ನೆಟ್‌ಗೆ ಒಂದು ಬಣ್ಣ, ಡಿಶ್‌ಗೆ ಟೆರೇಸಿನ ಒಂದು ಮೂಲೆ ಅಂತ ಗೊತ್ತು ಮಾಡಿ ಸರ್ವಸದಸ್ಯರ ಸಭೆಯಲ್ಲಿ ಪಾಸ್ ಮಾಡಿಸಿ. ಅದರೊಳಗೆ ಬಂದ ಅರ್ಜಿಗೆ ಕಾರ್ಯದರ್ಶಿಯೇ ಸಹಿ ಹಾಕಿ ಕೊಡಲಿ. ಬಾಡಿಗೆದಾರರು ಕೇಳಿದರೆ ಮಾಲೀಕರ ಪತ್ರ ತರಿಸಿ. ಅಧ್ಯಕ್ಷರ ಅಳಿಯನಿಗೆ ಒಂದು ನಿಯಮ, ಮೂರನೇ ಮಹಡಿಯ ಮೇಷ್ಟ್ರಿಗೆ ಇನ್ನೊಂದು ಆದರೆ ಆಮೇಲೆ ಯಾವ ನಿಯಮವನ್ನೂ ಯಾರೂ ಕೇಳುವುದಿಲ್ಲ. ಈಗಾಗಲೇ ಆಗಿಹೋಗಿರುವ ಹಳೆಯವುಗಳ ಫೋಟೊ ತೆಗೆದು, ದಿನಾಂಕ ಹಾಕಿ, ಒಂದು ಪಟ್ಟಿ ಮಾಡಿ. ಅಪಾಯ ಇರುವುದನ್ನು ಈಗಲೇ ಬಿಚ್ಚಿಸಿ. ಚಂದದ ಪ್ರಶ್ನೆ ಮಾತ್ರ ಇರುವುದನ್ನು ಮುಂದಿನ ಸಲ ಕಟ್ಟಡಕ್ಕೆ ಬಣ್ಣ ಹೊಡೆಸುವಾಗ ಸರಿಪಡಿಸಿ ಅಂತ ಗಡುವು ಕೊಡಿ.

ಮನೆ ಮಾಲೀಕರು ಅರ್ಜಿ, ಒಪ್ಪಿಗೆ ಪತ್ರ, ನೆರೆಯವರ ಸಹಿ, ಇಂಜಿನಿಯರ್ ಪತ್ರ, ಮೊದಲಿನ ಮತ್ತು ನಂತರದ ಫೋಟೊಗಳನ್ನು ಕ್ರಯಪತ್ರದ ಫೈಲಿನಲ್ಲೇ ಇಟ್ಟುಕೊಳ್ಳಿ. ಮನೆ ಮಾರುವಾಗ ಕೊಳ್ಳುವವರ ವಕೀಲರು, ಸಾಲ ಕೊಡುವ ಬ್ಯಾಂಕಿನ ಇಂಜಿನಿಯರ್ ನಕ್ಷೆ ಹಿಡಿದು ಬಂದು ‘ಇದು ನಕ್ಷೆಯಲ್ಲಿ ಇಲ್ವಲ್ಲ’ ಅಂತ ಕೇಳುತ್ತಾರೆ. ಆಗ ಆ ಫೈಲನ್ನು ಅವರ ಮುಂದಿಡಿ. ಸಂಘದಿಂದ ಬಾಕಿ ಇಲ್ಲ ಅನ್ನುವ ಪತ್ರ ಪಡೆಯುವಾಗ, ಒಪ್ಪಿಗೆ ಪಡೆದ ಬದಲಾವಣೆಗಳ ಬಗ್ಗೆಯೂ ಅದರಲ್ಲಿ ಒಂದು ಸಾಲು ಬರೆಸಿಕೊಳ್ಳಿ.